ಎಳೆಗೂಸಿನ ಹೃದಯದ ಊನ

“ಮಗು ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತದೆ ಫಾದರ್, ನಾಲ್ಕು ಗುಟುಕಿಗೇ ದಣಿಯುತ್ತದೆ.” ಮನೆ ಭೇಟಿಗೆ ಹೋದಾಗ ನಾವು ಈ ಮಾತು ಕೇಳಿದ್ದುಂಟು. ಸೆಕೆಯ ಬೆವರು ಬೇರೆ. ಆಟಿಯ ಮಳೆಯಲ್ಲೂ ಮೊಲೆ ಹಿಡಿದೊಡನೆ ಬೆವರುವ ಕೂಸಿನ ಹೃದಯವನ್ನು ಪರೀಕ್ಷಿಸಲೇಬೇಕು.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳ ಹೃದಯದಲ್ಲಿ ಏನಾದರೊಂದು ಊನವಿರುತ್ತದೆ. ಹೆಚ್ಚಾಗಿ ಕಾಣುವುದು ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿನ ತೂತು. ಅಡಿಕೆ ತೋಟದ ಎರಡು ಕಣಿಗಳ ನಡುವಿನ ದಂಡೆ ಒಡೆದರೆ ನೀರು ಒತ್ತಡವಿದ್ದ ಕಡೆಯಿಂದ ನುಗ್ಗುವುದಿಲ್ಲವೇ? ಹಾಗೆಯೇ ಎಡಗಡೆಯ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. ಏದುಸಿರು, ಪದೇ ಪದೇ ನ್ಯುಮೋನಿಯಾ, ಏರದ ತೂಕ ಇದರ ಫಲ. ಸಣ್ಣ ತೂತು ಎಷ್ಟೋ ಸಲ ತಾನಾಗಿ ಮುಚ್ಚುತ್ತದೆ. ದೊಡ್ಡದಕ್ಕೆ ಶಸ್ತ್ರಕ್ರಿಯೆ ಬೇಕು.

ಇನ್ನು ಕೆಲವು ಮಕ್ಕಳು ಆಸ್ಪತ್ರೆಯಿಂದ ಚೆನ್ನಾಗಿಯೇ ಮನೆಗೆ ಬಂದು ಮೂರು ನಾಲ್ಕು ದಿನಗಳಲ್ಲಿ ನೀಲಿಗಟ್ಟುತ್ತವೆ. ಗರ್ಭದಲ್ಲಿ ಶಿಶುವಿನ ಶ್ವಾಸಕೋಶ ಉಸಿರಾಡುವುದಿಲ್ಲ. ರಕ್ತವು ಒಂದು ಅಡ್ಡನಾಳದ ಮೂಲಕ ಅದನ್ನು ಬಳಸಿ ಹೋಗುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಆ ನಾಳ ಮುಚ್ಚುವುದು ಸಹಜ. ಆದರೆ ಮುಖ್ಯ ದಾರಿಯೇ ಕಟ್ಟಿದ್ದ ಮಗು ಆ ನಾಳದ ಬಲದಿಂದಲೇ ಬದುಕಿರುತ್ತದೆ. ಆದ್ದರಿಂದ ಹೆರಿಗೆಯಾಗಿ ಒಂದು ದಿನ ಕಳೆದ ಮೇಲೆ ಬಲಗೈಗೂ ಒಂದು ಕಾಲಿಗೂ ಆಕ್ಸಿಮೀಟರ್ ಇಟ್ಟು ನೋಡಿದ್ದಾರೆಯೇ ಎಂದು ಮನೆಗೆ ಹೊರಡುವ ಮೊದಲು ಕೇಳಿರಿ. ನೋವಿಲ್ಲದ ಪರೀಕ್ಷೆ. ತುಟಿ, ನಾಲಿಗೆ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿರಿ.

ಗ್ರಹಣ ನೋಡಿದ್ದಕ್ಕೆ ಹೀಗಾಯಿತೆಂದು ಸೊಸೆಯನ್ನು ದೂರುವುದು ಬರಿಯ ಅನ್ಯಾಯ. ಗರ್ಭದ ಮೊದಲ ತಿಂಗಳುಗಳಲ್ಲಿ ತಗಲಿದ ರುಬೆಲ್ಲಾ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಕಾರಣವಾಗಬಹುದು. ಬಹುಪಾಲು ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ.

ಖರ್ಚಿಗೆ ಹೆದರಿ ತೋಟ ಅಡವಿಡುವ ಮೊದಲು ವಿಚಾರಿಸಿರಿ. ಕೇರಳ ಸರಕಾರ 2017ರಲ್ಲಿ ಆರಂಭಿಸಿದ ‘ಹೃದ್ಯಂ’ ಯೋಜನೆಯಲ್ಲಿ ಹೆಸರು ನೋಂದಾಯಿಸಿದ ಮಕ್ಕಳಿಗೆ ಉಚಿತ ಶಸ್ತ್ರಕ್ರಿಯೆ ಸಿಗುತ್ತದೆ. ನಮ್ಮ ಕಾಸರಗೋಡಿನವರು ಆಶಾ ಕಾರ್ಯಕರ್ತೆಯನ್ನಾಗಲಿ, ‘ದಿಶಾ’ 1056 ದೂರವಾಣಿಯನ್ನಾಗಲಿ ಕೇಳಬಹುದು.

“ಜ್ಞಾನಸ್ನಾನವಾಗಲಿ, ಆಮೇಲೆ ಹೋಗೋಣ” ಎನ್ನುವವರಿದ್ದಾರೆ. ಪ್ರಾಣಾಪಾಯವಿದ್ದರೆ ಯಾರೂ ಜ್ಞಾನಸ್ನಾನ ಕೊಡಬಹುದೆಂದು ಧರ್ಮಸಭೆ ಹೇಳುತ್ತದೆ. ಆಸ್ಪತ್ರೆಯ ನರ್ಸ್ ಸಹ ಕೊಡಬಹುದು. ಅದಕ್ಕಾಗಿ ನಮ್ಮನ್ನು ಕಾಯುತ್ತಾ ವಾಹನ ನಿಲ್ಲಿಸಬೇಡಿರಿ.

ಒಂದು ಮಗುವಿಗೆ ಈ ಊನವಿದ್ದರೆ ಮುಂದಿನ ಬಸಿರಿನಲ್ಲಿ ಐದನೆಯ ತಿಂಗಳ ಹೊತ್ತಿಗೆ ಶಿಶುವಿನ ಹೃದಯದ ಸ್ಕ್ಯಾನಿಂಗ್ ಮಾಡಿಸಲು ವೈದ್ಯರನ್ನು ಕೇಳಿರಿ. ಆಗ ಹೆರಿಗೆ ಎಲ್ಲಿ ಆಗಬೇಕೆಂದು ಮೊದಲೇ ಗೊತ್ತುಮಾಡಲು ಸಮಯ ಸಿಗುತ್ತದೆ.