ಲಾಲ್‌ಬಾಗಿನ ಬಂಡೆ

ಲಾಲ್‌ಬಾಗಿಗೆ ಹೋದವರು ಹೂಗಳನ್ನು ಕಂಡು ಹಿಂದಿರುಗುವುದು ವಾಡಿಕೆ. ಅಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆ ನನಗೂ ಬಹುಕಾಲ ಬರಿಯ ವಿಶ್ರಾಂತಿಯ ತಾಣವಾಗಿತ್ತು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ! ಈ ಜಾತಿಯ ಶಿಲೆಗೆ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು.

ಸಂಜೆಯ ಓರೆಬಿಸಿಲಿನಲ್ಲಿ ತುಸು ಬಾಗಿ ನೋಡಬೇಕು: ಬಿಳಿಯ ಪಟ್ಟೆಗಳಲ್ಲಿ ಬೆಣಚು, ಕರಿಯವುಗಳಲ್ಲಿ ಕಪ್ಪು ಅಭ್ರಕ, ಭೂಗರ್ಭದ ಕಾವು, ಒತ್ತಡಗಳು ಕಲ್ಲನ್ನು ಕಣಕದಂತೆ ನಾದಿದ ಮಡಿಕೆಗಳು. ಮರ ಕಡಿದಲ್ಲಿ ಸಸಿ ನೆಡಬಹುದು; ಬಂಡೆಯನ್ನು ಬೆಳೆಸುವ ತೋಟಗಾರನಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಆದರೆ ಇದರ ಒಡಹುಟ್ಟಿದ ಬಂಡೆಗಳೆಷ್ಟೋ ಸೈಜುಗಲ್ಲಾಗಿ ಸೀಳಿ ಬೆಂಗಳೂರಿನ ತಳಪಾಯ ಸೇರಿದವು. ನಮ್ಮ ಮನೆಯ ಕೆಳಗಿರುವುದೂ ಅದೇ ಕಲ್ಲು.