ಗಿಲಕಿಯೊಳಗಿನ ವಿಜ್ಞಾನ

ಅಳುವ ಕೂಸಿನ ಮುಂದೆ ಗಿಲಕಿಯನ್ನಾಡಿಸಿದರೆ ಅಳು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಕೇವಲ ಮನಸ್ಸನ್ನು ಬೇರೆಡೆಗೆ ಸೆಳೆಯುವ ಉಪಾಯವಲ್ಲ. ಕಣ್ಣಿಗೆ ಕಂಡದ್ದೇ ಕೈಗೆ ಸಿಕ್ಕಿತು, ಕೈಯಾಡಿಸಿದ್ದರಿಂದಲೇ ಸದ್ದಾಯಿತು ಎಂಬ ಸಂಬಂಧಗಳನ್ನು ಕೂಸು ಇಂತಹ ಆಟದಲ್ಲಿ ಅರಿಯುತ್ತದೆ. ಈ ಶಿಕ್ಷಣಕ್ಕೆ ಬೆಲೆಬಾಳುವ ಆಟಿಕೆಗಳು ಬೇಕಿಲ್ಲ; ಮನೆಯ ಸಾಮಗ್ರಿಗಳೇ ಸಾಕು. ಆದರೆ ಅವುಗಳನ್ನು ವಯಸ್ಸಿಗೆ ತಕ್ಕಂತೆ ಆರಿಸುವುದು ಅತ್ಯವಶ್ಯಕ.

ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ತುಟಿ, ನಾಲಗೆ, ಬೆರಳ ತುದಿಗಳಲ್ಲಿ ಸ್ಪರ್ಶವನ್ನು ಗ್ರಹಿಸುವ ನರಗಳ ತುದಿಗಳು ದಟ್ಟವಾಗಿವೆ. ಆದುದರಿಂದ ಬಾಯಿಯೂ ವಸ್ತುವನ್ನು ಅರಿಯುವ ಸಾಧನವೇ. ಅಪಾಯವಿರುವುದೂ ಇಲ್ಲಿಯೇ. ಶಿಶುವಿನ ಶ್ವಾಸನಾಳ ಬಹಳ ಕಿರಿದು. ಒಣಗಿದ ಕಡಲೆಯೊಂದು ಅಲ್ಲಿ ಸಿಕ್ಕಿಕೊಂಡರೆ ತೇವವನ್ನು ಹೀರಿ ಉಬ್ಬಬಲ್ಲದು, ಪ್ರಾಣಕ್ಕೇ ಸಂಚಕಾರ. ಆಟಿಕೆಗಳನ್ನು ಪರೀಕ್ಷಿಸಲು ಅಮೆರಿಕದಲ್ಲಿ 31.7 ಮಿಲಿಮೀಟರ್ ವ್ಯಾಸದ ಗಿಡ್ಡ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ಣವಾಗಿ ಅಡಗುವ ವಸ್ತು ಮೂರು ವರ್ಷ ತುಂಬದ ಮಕ್ಕಳ ಆಟಿಕೆಯಲ್ಲಿ ಇರಕೂಡದು. ಆದ್ದರಿಂದ ಅಂತಹ ಮಕ್ಕಳಿಗೆ ಕಾಳು ತುಂಬಿದ ಡಬ್ಬಿ ಬೇಡ. ನುಣುಪಾದ ಮರದ ಸೌಟು, ಸ್ಟೀಲಿನ ಬಟ್ಟಲು, ಅಂಗೈಯಗಲದ ರೇಷ್ಮೆ, ಖಾದಿ, ಉಣ್ಣೆಯ ತುಂಡುಗಳು ಸಾಕು. ಇವುಗಳನ್ನು ಕೊಟ್ಟಾಗಲೂ ಹಿರಿಯರು ಬಳಿಯಲ್ಲಿರಬೇಕು.

ಮೂರು ವರ್ಷ ದಾಟಿದವರಿಗೆ, ಹಿರಿಯರ ಸಮ್ಮುಖದಲ್ಲಿ, ಇನ್ನೊಂದು ಆಟವನ್ನು ಹೂಡಬಹುದು. ಒಂದೇ ಬಗೆಯ ಆರು ತಗಡಿನ ಡಬ್ಬಿಗಳನ್ನು ತೆಗೆದುಕೊಳ್ಳೋಣ. ಎರಡರಲ್ಲಿ ರಾಗಿ, ಎರಡರಲ್ಲಿ ಅಕ್ಕಿ, ಎರಡರಲ್ಲಿ ಕಡಲೆಯನ್ನು ಕಾಲುಭಾಗ ತುಂಬಿ, ಮುಚ್ಚಳಗಳನ್ನು ಬಿಚ್ಚಲಾಗದಂತೆ ಬಿಗಿಯಾಗಿ ಅಂಟಿಸೋಣ. ಮಗು ಅಲುಗಿಸಿ, ಆಲಿಸಿ, ಜೋಡಿಗಳನ್ನು ಹುಡುಕಬೇಕು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸೊರಿಯವರ ಶಿಕ್ಷಣಸಾಧನಗಳಲ್ಲಿಯೂ ಇಂತಹ ಸದ್ದಿನ ಡಬ್ಬಿಗಳುಂಟು. 1939ರಲ್ಲಿ ಆಕೆ ಮದರಾಸಿಗೆ ಬಂದು, ನಮ್ಮ ದೇಶದ ಶಿಕ್ಷಕರಿಗೂ ತಮ್ಮ ಪದ್ಧತಿಯನ್ನು ಬೋಧಿಸಿದರು.

ಸದ್ದುಗಳು ಬೇರೆಯಾಗುವುದೇಕೆ? ರಾಗಿಯ ಕಾಳುಗಳು ಸಣ್ಣವು, ಅಸಂಖ್ಯ. ಅವುಗಳ ಹಗುರವಾದ ಪೆಟ್ಟುಗಳು ಒಂದರ ಬೆನ್ನಿಗೊಂದು ಬೀಳುವುದರಿಂದ ಕಿವಿಗೆ ಎಡೆಬಿಡದ ‘ಸರಸರ’ ಕೇಳುತ್ತದೆ. ಕಡಲೆಗಳು ಕೆಲವೇ, ಭಾರವಾದವು. ಅವುಗಳ ಪೆಟ್ಟುಗಳು ಬಿಡಿಬಿಡಿಯಾಗಿ ‘ಗಡಗಡ’ ಎನ್ನುತ್ತವೆ. ಪೆಟ್ಟು ತಿಂದು ಕಂಪಿಸುವ ತಗಡೂ ಧ್ವನಿಗೆ ತನ್ನ ಪಾಲನ್ನು ಸೇರಿಸುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಕಂಪನ ಬೇಗನೆ ಅಡಗುವುದರಿಂದ ಸದ್ದು ಮಂದವಾಗುತ್ತದೆ.

ಇದೇ ರೀತಿ ಮರಳು ತುಂಬಿದ ಡಬ್ಬಿಗಳಿಂದ ತೂಕದ ಆಟವನ್ನೂ ಮಾಡಬಹುದು. 100 ಗ್ರಾಂಗೂ 120 ಗ್ರಾಂಗೂ ಇರುವ ಭೇದ ನಮ್ಮ ಕೈಗೆ ತಿಳಿಯುತ್ತದೆ; 1000 ಗ್ರಾಂಗೂ 1020 ಗ್ರಾಂಗೂ ಇರುವ ಭೇದ ತಿಳಿಯುವುದು ಕಷ್ಟ. ಎರಡು ಕಡೆಯೂ ಹೆಚ್ಚಿದ್ದು 20 ಗ್ರಾಂ ಮಾತ್ರವಲ್ಲವೆ? ಇಂದ್ರಿಯಗಳು ವ್ಯತ್ಯಾಸವನ್ನು ಅಳೆಯುವುದು ಮೂಲದ ತೂಕಕ್ಕೆ ಹೋಲಿಸಿ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಅರ್ನ್ಸ್ಟ್ ವೇಬರ್ ತೋರಿಸಿದನು. ಆದುದರಿಂದ ಮಗುವಿಗೆ ಮೊದಲು ದೊಡ್ಡ ಭೇದಗಳನ್ನು ಕೊಟ್ಟು, ಕ್ರಮೇಣ ಕಿರಿದುಗೊಳಿಸಬೇಕು.

ಕೊನೆಗೆ ಒಂದು ಡಬ್ಬಿಗೆ ರಾಗಿಯನ್ನು ಕಂಠಮಟ್ಟ ಒತ್ತಿ ತುಂಬಿ ಮಗುವಿನ ಕೈಗಿಡೋಣ. ಓಡಾಡಲು ಎಡೆಯಿಲ್ಲದ ಕಾಳು ಗೋಡೆಯನ್ನು ಬಡಿಯಲಾರದು, ಸದ್ದಡಗುವುದು. ಏಕೆಂದು ಮಗು ಕೇಳಿದರೆ, ಉತ್ತರಕ್ಕೆ ಅವಸರಪಡದೆ, ಕಾಲುಭಾಗ ತುಂಬಿದ ಡಬ್ಬಿಯನ್ನು ಇನ್ನೊಂದು ಕೈಗೆ ಕೊಡೋಣ.