ಕನ್ನ ಕೊರೆದವನೇ ಕನ್ನ ಮುಚ್ಚಿದ

ಗೋಡೆಗೆ ಕನ್ನ ಕೊರೆದು ಮನೆಯೊಳಗೆ ನುಗ್ಗಿದ ಕಳ್ಳ, ಆಮೇಲೆ ಇಟ್ಟಿಗೆ ಗಾರೆ ತಂದು ಆ ಕನ್ನವನ್ನು ತಾನೇ ಮುಚ್ಚಿದರೆ? ದೊಡ್ಡ ಕಂಪನಿಗಳ ಲೆಕ್ಕಪತ್ರ ನಡೆಸುವ ತಂತ್ರಾಂಶದಲ್ಲಿ ಇಂಥದ್ದು ನಿಜಕ್ಕೂ ನಡೆದಿದೆ. ಆ ತಂತ್ರಾಂಶ ತಯಾರಿಸುವ ಜರ್ಮನಿಯ ಎಸ್‌ಎಪಿ ಕಂಪನಿಯೂ ಒನಾಪ್ಸಿಸ್ ಎಂಬ ಭದ್ರತಾ ಸಂಸ್ಥೆಯೂ 2021ರ ಏಪ್ರಿಲ್‌ನಲ್ಲಿ ಜಂಟಿಯಾಗಿ ಒಂದು ವರದಿ ಹೊರತಂದವು. ಎಸ್‌ಎಪಿ ಸಿಸ್ಟಮ್‌ಗಳಿಗೆ ನುಗ್ಗಿದ ಕೆಲವರು ಒಳಗೆ ಬೇರೂರಿದ ನಂತರ ದೋಷ ಸರಿಪಡಿಸಲು ಕಂಪನಿ ಬಿಡುವ ಅಧಿಕೃತ ಪ್ಯಾಚ್‌ಗಳನ್ನು ತಾವೇ ಹಾಕಿದ್ದರೆಂದು ಅದರಲ್ಲಿ ದಾಖಲಾಗಿದೆ.

ಎಂಥ ಚಾಣಾಕ್ಷತನ! ಇನ್ನೊಬ್ಬ ಕಳ್ಳ ಅದೇ ದಾರಿಯಲ್ಲಿ ಬರಲಾರ. ತಪಾಸಣೆಗೆ ಬಂದವರಿಗೂ ಪ್ಯಾಚ್ ಕಾಣುತ್ತದೆಯೇ ಹೊರತು ಒಳಗಿರುವವನು ಕಾಣುವುದಿಲ್ಲ.

ಆ ಕಾಲದ ಒಂದು ದೊಡ್ಡ ಕನ್ನಕ್ಕೆ ‘ರೀಕಾನ್’ ಎಂದು ಹೆಸರಿಟ್ಟಿದ್ದರು. ಎಸ್‌ಎಪಿ ಅದಕ್ಕೆ ಪ್ಯಾಚ್ ಬಿಟ್ಟದ್ದು 2020ರ ಜುಲೈ 14ರಂದು. ದೋಷಗಳ ತೀವ್ರತೆ ಅಳೆಯುವ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 10ಕ್ಕೆ 10. ಸುಮಾರು 40,000 ಗ್ರಾಹಕರಿಗೆ ಅದು ತಟ್ಟಬಹುದೆಂದು ಒನಾಪ್ಸಿಸ್ ಅಂದಾಜಿಸಿತ್ತು.

ದೋಷ ಅಡಗಿದ್ದದ್ದು ನೆಟ್‌ವೀವರ್ ಎಂಬ ತಳಪಾಯದ ಒಂದು ಮೂಲೆಯಲ್ಲಿ. ಸಿಸ್ಟಮ್ ಸ್ಥಾಪಿಸುವಾಗ ಆರಂಭಿಕ ಹೊಂದಾಣಿಕೆಗಳನ್ನು ಮಾಡಿಕೊಡಲು ಅಲ್ಲಿ ಒಂದು ಸಹಾಯಕ ತಂತ್ರಾಂಶ ಇರುತ್ತದೆ. ದಿನನಿತ್ಯದ ವ್ಯವಹಾರಕ್ಕೆ ಅದರ ಅಗತ್ಯವಿಲ್ಲ. ಆದರೂ ಅದು ಹಿನ್ನೆಲೆಯಲ್ಲಿ ಓಡುತ್ತಲೇ ಇತ್ತು. ಯಾರು ಏನು ಕೇಳಿದರೂ ‘ನೀನು ಯಾರು?’ ಎಂದು ವಿಚಾರಿಸುತ್ತಿರಲಿಲ್ಲ. ‘ನನಗೊಂದು ಅಡ್ಮಿನ್ ಖಾತೆ ಮಾಡಿಕೊಡು’ ಎಂದು ಸರಿಯಾದ ರೂಪದಲ್ಲಿ ಒಂದು ಸಂದೇಶ ಕಳಿಸಿದರೆ ಸಾಕು, ಪಾಸ್‌ವರ್ಡ್ ಇಲ್ಲದೆಯೇ ಖಾತೆ ತಯಾರು! ಅಡ್ಮಿನ್ ಖಾತೆ ಕೈಗೆ ಬಂದಮೇಲೆ ಸಂಬಳದ ವಿವರ ಓದುವುದಕ್ಕಾಗಲಿ, ಸರಬರಾಜುದಾರರ ಬ್ಯಾಂಕ್ ಖಾತೆ ಸಂಖ್ಯೆ ಬದಲಿಸುವುದಕ್ಕಾಗಲಿ ಅಡ್ಡಿಯಿಲ್ಲ.

ಪ್ಯಾಚ್ ಬಂತೆಂದರೆ ಅಪಾಯ ಕಳೆಯಿತು ಎಂದುಕೊಳ್ಳುವವರು ಬಹಳ. ಆದರೆ ಪ್ಯಾಚ್ ಹೊರಬಿದ್ದ ಗಳಿಗೆಯಲ್ಲೇ ಪಂದ್ಯ ಶುರುವಾಗುತ್ತದೆ. ಹಳೆಯ ಕೋಡನ್ನೂ ಹೊಸ ಕೋಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬದಲಾದ ಸಾಲುಗಳೇ ಕನ್ನದ ಜಾಗವನ್ನು ತೋರಿಸಿಕೊಡುತ್ತವೆ. ಪ್ಯಾಚ್ ಬಿಡುಗಡೆಯಾಗಿ 72 ಗಂಟೆಗಳೊಳಗೆ ದಾಳಿಗಳು ಆರಂಭವಾದದ್ದೂ ಉಂಟು, ಕ್ಲೌಡ್‌ನಲ್ಲಿ ಹೊಸದಾಗಿ ತೆರೆದಿಟ್ಟ ಸಿಸ್ಟಮ್‌ಗಳನ್ನು ದಾಳಿಕೋರರು ಮೂರೇ ಗಂಟೆಯೊಳಗೆ ಪತ್ತೆಹಚ್ಚಿ ಒಳಹೊಕ್ಕದ್ದೂ ಉಂಟು ಎನ್ನುತ್ತದೆ ಅದೇ ಜಂಟಿ ವರದಿ.

ಇತ್ತ ಕಂಪನಿಗಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ? ತಿಂಗಳ ಕೊನೆಯ ಲೆಕ್ಕ ಮುಗಿಯಲಿ, ಸಂಬಳ ಆಗಲಿ, ಆಡಿಟ್ ಮುಗಿಯಲಿ ಎಂದು ಪ್ಯಾಚ್ ಮುಂದಕ್ಕೆ ಹೋಗುತ್ತದೆ. ಸಿಸ್ಟಮ್ ನೋಡಿಕೊಳ್ಳುವ ಬೇಸಿಸ್ ತಂಡದವರು ಎರಡು ಗಂಟೆ ಡೌನ್‌ಟೈಮ್‌ಗಾಗಿ ಮೇಲಿನವರ ಮುಂದೆ ಗೋಗರೆಯಬೇಕು. ಓಡುತ್ತಿರುವ ಸಿಸ್ಟಮನ್ನು ಮುಟ್ಟಬಾರದು ಎಂಬುದು ಐಟಿ ಲೋಕದ ಅಪ್ಪಟ ಮೂಢನಂಬಿಕೆ. ಓದು ಬರಹ ಬಲ್ಲ, ಪದವಿಗಳನ್ನು ಪಡೆದ ಮ್ಯಾನೇಜರುಗಳೇ ಅದನ್ನು ಪಾಲಿಸುತ್ತಾರೆ ಎಂಬುದು ಇನ್ನೂ ಬೇಸರದ ಸಂಗತಿ. ರೀಕಾನ್ ವಿಷಯದಲ್ಲಂತೂ ಈ ನೆಪಕ್ಕೆ ಆಸ್ಪದವೇ ಇರಲಿಲ್ಲ: ಕೂಡಲೇ ಪ್ಯಾಚ್ ಹಾಕಲಾಗದವರು ಆ ಸಹಾಯಕ ತಂತ್ರಾಂಶವನ್ನು ನಿಲ್ಲಿಸಿಬಿಟ್ಟರೂ ಸಾಕು ಎಂದು ಎಸ್‌ಎಪಿಯೇ ತಿಳಿಸಿತ್ತು.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಎಸ್‌ಎಪಿಯ ದೊಡ್ಡ ಅಭಿವೃದ್ಧಿ ಕೇಂದ್ರವಿದೆ. ಈ ತಂತ್ರಾಂಶವನ್ನು ಕಂಪನಿಗಳಿಗೆ ಅಳವಡಿಸಿಕೊಟ್ಟು ಸಂಭಾಳಿಸುವುದೇ ವೃತ್ತಿಯಾಗಿರುವವರು ಈ ನಗರದಲ್ಲಿ ಬಹಳ ಮಂದಿ. ಹೀಗಾಗಿ ಎಲ್ಲೋ ಯುರೋಪಿನ ಕಾರ್ಖಾನೆಯ ಸಿಸ್ಟಮ್‌ಗೆ ಪ್ಯಾಚ್ ಹಾಕಲು ಇಲ್ಲಿ ಯಾರೋ ರಾತ್ರಿ ಎದ್ದು ಕೂರಬೇಕಾಗುತ್ತದೆ.

ರೀಕಾನ್ ಆಗಿ ಸುಮಾರು ಐದು ವರ್ಷಗಳ ನಂತರ ಮತ್ತದೇ ಕಥೆ. 2025ರ ಏಪ್ರಿಲ್ 24ರಂದು ಎಸ್‌ಎಪಿ ತುರ್ತು ಪ್ಯಾಚ್ ಬಿಡಬೇಕಾಯಿತು. ಈ ಸಲ ಅನುಮತಿ ಇದೆಯೇ ಎಂದು ಕೇಳುವುದನ್ನು ಮರೆತದ್ದು ನೆಟ್‌ವೀವರ್‌ನ ‘ವಿಶುವಲ್ ಕಂಪೋಸರ್’ ಎಂಬ ಭಾಗ. ಯಾರು ಬೇಕಾದರೂ ಅದರ ಮೂಲಕ ಫೈಲುಗಳನ್ನು ಒಳಗೆ ತಳ್ಳಬಹುದಿತ್ತು. ತೀವ್ರತೆ ಮತ್ತೆ 10ಕ್ಕೆ 10. ಪ್ಯಾಚ್ ಬರುವ ಮೊದಲೇ ದಾಳಿಕೋರರು ‘ವೆಬ್ ಶೆಲ್’ ಎಂಬ ಪುಟ್ಟ ಫೈಲುಗಳನ್ನು ಬಿಟ್ಟುಹೋಗಿದ್ದರು. ದೂರದಲ್ಲಿ ಕೂತು ಸರ್ವರಿಗೆ ಆಜ್ಞೆ ಕೊಡಲು ಅಷ್ಟು ಸಾಕು. ಆಮೇಲೆ ಬಂದ ಎರಡನೆಯ ತಂಡದವರು ಹೊಸದಾಗಿ ಏನನ್ನೂ ಕೊರೆಯಲಿಲ್ಲ, ಮೊದಲಿನವರು ಬಿಟ್ಟಿದ್ದ ಶೆಲ್‌ಗಳನ್ನೇ ಬಳಸಿದರು. ಅಂಥ ಸಿಸ್ಟಮ್‌ಗೆ ಪ್ಯಾಚ್ ಹಾಕಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಉಳಿದ ಅರ್ಧವೆಂದರೆ ಫೋಲ್ಡರ್‌ಗಳನ್ನು ಜಾಲಾಡಿ ಅಪರಿಚಿತ ಫೈಲುಗಳನ್ನು ಹುಡುಕುವುದು, ಅಡ್ಮಿನ್ ಖಾತೆಗಳ ಪಟ್ಟಿ ತೆಗೆದು ಪ್ರತಿಯೊಂದು ಹೆಸರಿಗೂ ಒಬ್ಬ ನಿಜವಾದ ನೌಕರ ಇದ್ದಾನೆಯೇ ಎಂದು ಪರಿಶೀಲಿಸುವುದು.